ಫೋನು ಬಾರದ ಬೆಳಗು

ನನ್ನ ಆಫೀಸಿನ ಹೆಂಗಸರು ಆಗಾಗ ಕೇಳುವುದುಂಟು: "ಬೆಳಗ್ಗೆ ಅಷ್ಟೆಲ್ಲ ಕೆಲಸ ಮುಗಿಸಿ, ನೆರಿಗೆ ಸಹ ಕೆಡದ ಹಾಗೆ ಬಂದು ಕೂತ್ಕೊಳ್ತೀರಲ್ಲ, ಹೇಗೆ ಮಾರಾಯ್ರೆ?" ನಾನು ನಗುತ್ತೇನೆ. ರಾತ್ರಿಯೇ ದೋಸೆಗೆ ಅಕ್ಕಿ ನೆನೆಹಾಕಿ, ತೆಂಗಿನಕಾಯಿ ತುರಿದು ಫ್ರಿಜ್ಜಿನಲ್ಲಿಡಿ, ಬಟ್ಟೆ ಇಸ್ತ್ರಿ ಬೆಳಗ್ಗೆಗೆ ಉಳಿಸಬೇಡಿ ಎಂದು ದೊಡ್ಡದಾಗಿ ಉಪದೇಶ ಮಾಡುತ್ತೇನೆ. ಅವರೂ ತಲೆಯಾಡಿಸುತ್ತಾರೆ. ನಿಜ ಹೇಳಬೇಕೆಂದರೆ ನನ್ನದು ಅಚ್ಚುಕಟ್ಟುತನವೇ ಅಲ್ಲ. ಅದು ಬರೀ ಹೆದರಿಕೆ.

ನಾನು ಹುಟ್ಟಾ ಪುಕ್ಕಲು. ಮದುವೆಯಾಗಿ ಕನ್ಯಾನದಿಂದ ಬೆಳ್ತಂಗಡಿ ಪಕ್ಕದ ಲಾಯಿಲಕ್ಕೆ ಬಂದ ಮೇಲೂ ಅದು ಕಡಿಮೆಯಾಗಲಿಲ್ಲ. ಗಂಡ ಸೌದಿಗೆ ಹೋದ ಮೇಲಂತೂ ಹೆದರಿಕೆಗೆ ಒಂದು ದಾರಿ ಸಿಕ್ಕಿತು: ಬೆಳಗಿನ ಕೆಲಸ ಕ್ರಮ ತಪ್ಪದೆ ನಡೆದರೆ ಅಲ್ಲಿ ಅವರಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಒಂದು ಲೆಕ್ಕ ಹಾಕಿಕೊಂಡೆ. ಮೊದಲು ಬಚ್ಚಲಿನ ಹಂಡೆಗೆ ಬೆಂಕಿ. ಆಮೇಲೆ ಕುಚ್ಚಲಕ್ಕಿ ಒಲೆಯ ಮೇಲೆ, ಯಾಕೆಂದರೆ ಆ ಅಕ್ಕಿಗೆ ಯಾರ ಅವಸರವೂ ಅರ್ಥವಾಗುವುದಿಲ್ಲ. ಅದು ಕುದಿಯುವಷ್ಟರಲ್ಲಿ ಹಿಡಿಸೂಡಿ ತೆಗೆದು ಅಂಗಳ ಗುಡಿಸುವುದು. ಮತ್ತೆ ಮಿಕ್ಸಿಯಲ್ಲಿ ನೀರುದೋಸೆಯ ಅಕ್ಕಿ, ಮಗಳನ್ನು ಎಬ್ಬಿಸುವುದು, ಅವಳ ಬುತ್ತಿ. ಇದನ್ನು ಹಿಂದುಮುಂದು ಮಾಡಿದ ದಿನ ನನಗೆ ಆಫೀಸಿನಲ್ಲಿಯೂ ಸಮಾಧಾನ ಇರುತ್ತಿರಲಿಲ್ಲ. ಹುಚ್ಚು ಎಂದು ಗೊತ್ತಿತ್ತು, ಆದರೂ ಬಿಡಲು ಧೈರ್ಯ ಇರಲಿಲ್ಲ.

ದೋಸೆಯ ಕಾವಲಿ ಒಲೆಗೇರುವ ಹೊತ್ತಿಗೆ ಫೋನು ಬರುತ್ತಿತ್ತು. ಗಂಡಂದಿರು ಗಲ್ಫಿನಲ್ಲಿರುವ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಕ್ರಮ ಉಂಟು. ಅದು ಮಾತನಾಡಲಿಕ್ಕೆ ಬರುವ ಫೋನಲ್ಲ. ವೀಡಿಯೊ ಹಾಕಿ, ಫೋನನ್ನು ತೆಂಗಿನೆಣ್ಣೆಯ ಡಬ್ಬಕ್ಕೆ ಒರಗಿಸಿಟ್ಟು ಅವರವರ ಕೆಲಸ ಅವರವರು ಮಾಡುವುದು. ಅಲ್ಲಿ ಆಗ ಇನ್ನೂ ಕತ್ತಲು. ಕೆಲಸದ ಬಸ್ಸು ಬರುವ ಮೊದಲು ಅವರು ತಮ್ಮ ಅನ್ನ ಡಬ್ಬಕ್ಕೆ ತುಂಬಿಸುವುದು ನನಗೆ ಕಾಣುತ್ತಿತ್ತು, ನಾನು ದೋಸೆ ಹೊಯ್ಯುವುದು ಅವರಿಗೆ ಕಾಣುತ್ತಿತ್ತು. "ಉಪ್ಪು ಹಾಕಿದ್ಯಾ?" ಎಂದು ಅವರು, "ಮೀಸೆ ಒಂದು ಕಡೆ ಉದ್ದ ಆಗಿದೆ, ನೋಡ್ಕೊಳ್ಳಿ" ಎಂದು ನಾನು. ಅಷ್ಟೇ ಮಾತು. ಉಳಿದದ್ದೆಲ್ಲ ಪಾತ್ರೆಯ ಸದ್ದು. ಆದರೆ ಆ ಹೊತ್ತು ಮನೆಯಲ್ಲಿ ಗಂಡಸು ಇದ್ದಾನೆ ಅನ್ನಿಸುತ್ತಿತ್ತು.

ಅವರ ಕೋಣೆಯಲ್ಲಿದ್ದ ಇನ್ನೊಬ್ಬರು ನಮ್ಮ ಆಚೆಮನೆಯವರೇ. ಬ್ಯಾರಿಗಳ ಮನೆ. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಎದೆಯೆತ್ತರದ ಒಂದು ಕಂಪೌಂಡು ಗೋಡೆ, ಕಿಟಕಿಗೆ ಕಿಟಕಿ ಎದುರು. ನನ್ನ ಗಂಡನಿಗೆ ಅಲ್ಲಿ ಕೆಲಸ ನೋಡಿ ಕೊಟ್ಟದ್ದೇ ಆ ಮನೆಯ ಯಜಮಾನರು. ಅಲ್ಲಿ ಅವರು ಮುಂಜಾನೆಯ ನಮಾಜಿಗೆ ಎದ್ದು, ನನ್ನ ಗಂಡನ ಹೊದಿಕೆ ಎಳೆದು ಎಬ್ಬಿಸುವುದು. ಇವರಿಗೆ ಅಲಾರಾಂ ಇಡುವ ಅಭ್ಯಾಸವೇ ತಪ್ಪಿಹೋಗಿತ್ತು. ಇಲ್ಲಿ ಅವರ ಹೆಂಡತಿ ನನಗಿಂತ ಸಣ್ಣವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಇಬ್ಬರು ಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು. ಅವಳ ಅಡುಗೆಮನೆಯಲ್ಲಿಯೂ ಅದೇ ಹೊತ್ತಿಗೆ ಅದೇ ಕೋಣೆಯಿಂದ ಫೋನು ಬರುತ್ತಿತ್ತು. ಒಮ್ಮೊಮ್ಮೆ ಅವಳ ಗಂಡನ ಮಾತು ನನ್ನ ಫೋನಿನಲ್ಲಿ ಕೇಳಿಸುತ್ತಿತ್ತು, ಅದಕ್ಕೆ ಅವಳು ಕೊಟ್ಟ ಉತ್ತರ ನನ್ನ ಕಿಟಕಿಯಿಂದ ಬರುತ್ತಿತ್ತು. ಅದಕ್ಕೆ ನಾವಿಬ್ಬರೂ ನಕ್ಕದ್ದಕ್ಕೆ ಲೆಕ್ಕವಿಲ್ಲ.

ಗಲ್ಫಿನ ಕೆಟ್ಟ ಸುದ್ದಿ ಮಾತ್ರ ನಮ್ಮಲ್ಲಿ ಫೋನಿನಲ್ಲಿ ಬರುವುದಿಲ್ಲ, ಕಾರಿನಲ್ಲಿ ಬರುತ್ತದೆ. ಅಲ್ಲಿಂದ ಯಾರಾದರೂ ಇಲ್ಲಿನ ಒಬ್ಬ ಗಂಡಸಿಗೆ ತಿಳಿಸುತ್ತಾರೆ, ಅವನು ಇನ್ನಿಬ್ಬರನ್ನು ಸೇರಿಸಿಕೊಂಡು ಮನೆಗೆ ಬರುತ್ತಾನೆ. ನಾನು ಸಣ್ಣವಳಿದ್ದಾಗ ಕನ್ಯಾನದಲ್ಲಿ ಒಂದು ಬೆಳಗ್ಗೆ, ಮಗ ಗಲ್ಫಿನಲ್ಲಿದ್ದ ಎದುರು ಮನೆಯ ಮುಂದೆ ಅಂಥ ಒಂದು ಕಾರು ನಿಂತಿತು. ನಮ್ಮ ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಬಂದವರು ಆ ಮನೆಯ ಜಗಲಿಗೆ ಹತ್ತಿ, ಕುಡಿಯಲು ನೀರು ಕೇಳಿದರು. ತಂದುಕೊಟ್ಟ ನೀರನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. "ಸ್ವಲ್ಪ ಹುಷಾರಿಲ್ಲವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ" ಎಂದರು. ಅಮ್ಮ ಮಡಿಲಿನಲ್ಲಿದ್ದ ಬೀಡಿಯ ಮೊರ ಕೆಳಗಿಟ್ಟು, "ಹೋಯ್ತು. ಆ ಹುಡುಗ ಹೋದ" ಎಂದಳು. ಒಳಗಿನಿಂದ ಕೂಗು ಕೇಳಿಸಿದ್ದು ಆಮೇಲೆ. ಅವತ್ತಿನಿಂದ ಬೆಳಗ್ಗೆ ಯಾವ ಮನೆಯ ಮುಂದೆ ಕಾರು ನಿಂತರೂ ನನ್ನ ಕೈಕಾಲು ತಣ್ಣಗಾಗುತ್ತದೆ.

ನಾನು ಹೇಳಹೊರಟ ದಿನ ಎಲ್ಲವೂ ಕ್ರಮದಲ್ಲಿಯೇ ಇತ್ತು. ಹಂಡೆಯ ಬೆಂಕಿ ಒಂದೇ ಕಡ್ಡಿಗೆ ಹತ್ತಿತು. ಕುಚ್ಚಲಕ್ಕಿ ಕುದಿಯಿತು. ಕಾವಲಿ ಕಾದಿತು, ಮೊದಲ ದೋಸೆ ಎದ್ದಿತು. ಫೋನು ಮಾತ್ರ ಬರಲಿಲ್ಲ.

ಎದ್ದಿರಲಿಕ್ಕಿಲ್ಲ ಎಂದುಕೊಂಡೆ. ಎರಡನೆಯ ದೋಸೆ, ಮೂರನೆಯದು. ನಾನೇ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮೆಸೇಜು ಹಾಕಿದೆ. ಎರಡು ಗೆರೆ ಬಂತು, ಅವು ನೀಲಿಯಾಗಲಿಲ್ಲ. ಫೋನು ಜೀವಂತ ಉಂಟು, ಹಾಗಾದರೆ ಮನುಷ್ಯ ಎಲ್ಲಿ? ಈ ಯೋಚನೆ ಬಂದದ್ದೇ ತಡ, ಕೈಯಲ್ಲಿದ್ದ ಸೌಟು ಅಲುಗತೊಡಗಿತು. ನೀರುದೋಸೆ ಹೊಯ್ಯುವಾಗ ಕೈ ಅಲುಗಿದರೆ ದೋಸೆಯ ತುಂಬ ದೊಡ್ಡ ದೊಡ್ಡ ತೂತು. ಅವತ್ತು ಎಲ್ಲ ದೋಸೆಗೂ ಅದೇ ಗತಿ.

ಮಗಳು ಬಂದು ತಟ್ಟೆ ನೋಡಿದಳು. ಅವಳು ಮೂಡುಬಿದಿರೆಯಲ್ಲಿ ಪಿಯುಸಿ, ಬೆಳಗ್ಗೆ ಬೇಗ ಬಸ್ಸು ಹಿಡಿಯಬೇಕು.

"ಇದೆಂತ ಅಮ್ಮ, ಬಲೆಯಾ? ಅಪ್ಪ ಎಲ್ಲಿ ಇವತ್ತು, ಕಾಣುವುದಿಲ್ಲ?"

"ಬಂದಿತ್ತು ಫೋನು. ಅವಸರ ಉಂಟು ಅಂತ ಬೇಗ ಇಟ್ಟರು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅರೆಗಳಿಗೆ ನಾನೇ ನಂಬಿದೆ. ಅವಳ ಬುತ್ತಿಗೆ ಅನ್ನ ಹಾಕಿ, ಪಲ್ಯ ಹಾಕಿ, ಮುಚ್ಚಳ ಒತ್ತಿದೆ. ಅವಳು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೆ ನಗುಮುಖ ಇಟ್ಟುಕೊಂಡು ನಿಂತೆ. ಆಮೇಲೆ ಒಳಗೆ ಬಂದು ನೆಲಕ್ಕೆ ಕೂತುಬಿಟ್ಟೆ.

ಕೂತರೆ ಆಗುತ್ತದೆಯೇ? ಪಾತ್ರೆ ತೊಳೆಯಬೇಕು, ಇಲ್ಲದಿದ್ದರೆ ಕ್ರಮ ತಪ್ಪುತ್ತದೆ. ಕ್ರಮ ತಪ್ಪಿದರೆ ಅವರಿಗೆ ಏನಾದರೂ ಆಗುತ್ತದೆ. ಈ ಹುಚ್ಚು ಲೆಕ್ಕದಿಂದಲೇ ಎದ್ದೆ. ಪಾತ್ರೆ ತೊಳೆದೆ. ನೆಲ ಒರೆಸಿದೆ. ಒರೆಸಿದ ನೆಲವನ್ನೇ ಮತ್ತೊಮ್ಮೆ ಒರೆಸಿದೆ. ನಡುನಡುವೆ ಒದ್ದೆ ಕೈಯನ್ನು ನೈಟಿಗೆ ಉಜ್ಜಿ ಫೋನು ನೋಡುವುದು. ಬಟ್ಟೆ ಒಗೆಯುವ ಕಲ್ಲಿಗೆ ಹೋದಾಗ ಗೋಡೆಯಾಚೆಯಿಂದ ಅವಳ ತಲೆ ಕಾಣಿಸಿತು. ಹೆಗಲ ಮೇಲೆ ಕೈ ಒರೆಸುವ ಬೈರಾಸು, ಕೈಯಲ್ಲಿ ಮಗನ ಶಾಲೆಯ ಚಡ್ಡಿ. ನಾವಿಬ್ಬರು ಮಾತನಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ನಿಮಗೆ ಫೋನು ಬಂತಾ?"

"ಇಲ್ಲ. ನಿನಗೆ?"

"ಇಲ್ಲ ಮಾರಾಯ್ರೆ. ಅಲ್ಲಿ ನೆಟ್ಟು ಹೋಗಿರ್ಬೇಕು. ಇಬ್ಬರದ್ದೂ ಒಂದೇ ವೈಫೈ ಅಲ್ವಾ?"

"ಮೆಸೇಜು ಹೋಗಿದೆಯಲ್ಲ? ಎರಡು ಗೆರೆ ಬಂದಿದೆ."

"ನೀವು ಗೆರೆ ಲೆಕ್ಕ ಮಾಡ್ತಾ ಕೂತ್ರಾ?" ಅವಳು ನಕ್ಕಳು. "ಹೆದರಬೇಡಿ ಅಕ್ಕ. ನೀವು ಹೆದರಿದರೆ ನನಗೂ ಹೆದರಿಕೆ ಆಗ್ತದೆ. ಬಸ್ಸು ಬೇಗ ಬಂದಿರ್ಬೇಕು, ಇಬ್ಬರೂ ಎದ್ದುಬಿದ್ದು ಓಡಿರ್ತಾರೆ. ಬ್ರೇಕಿನಲ್ಲಿ ಮಾಡ್ತಾರೆ, ನೋಡಿ."

ಅವಳ ನಗುವಿನಿಂದ ಸ್ವಲ್ಪ ಉಸಿರು ಬಂತು. ಅವಳ ಧೈರ್ಯ ನೋಡಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಒಳಗೆ ಬಂದು ಇನ್ನೊಮ್ಮೆ ಫೋನು ಹಚ್ಚಿದೆ. ಈ ಸಲ ರಿಂಗಾಗಲಿಲ್ಲ. ಬೇರೆ ಕರೆಯಲ್ಲಿದ್ದಾರೆ ಎಂದು ಬಂತು.

ಬದುಕಿದ್ದಾರೆ ಎಂದು ಮೊದಲು ಎದೆ ಹಗುರಾಯಿತು. ಮರುಕ್ಷಣ ಸಿಟ್ಟು ಬಂತು: ಹೆಂಡತಿಗೆ ಮಾಡದ ಫೋನು ಯಾರಿಗೆ? ಬರಲಿ, ಇವರಿಗೆ ಸರಿಯಾಗಿ ಮಾಡುತ್ತೇನೆ ಎಂದು ಒಬ್ಬಳೇ ಗೊಣಗಿದೆ. ಸಿಟ್ಟು ಇಳಿಯುವ ಮೊದಲೇ ಮತ್ತೊಂದು ಯೋಚನೆ ಬಂತು. ಅವರ ಫೋನಿನಲ್ಲಿ ಮಾತನಾಡುತ್ತಿರುವವರು ಅವರೇ ಎಂದು ನನಗೇನು ಗೊತ್ತು? ಸತ್ತವನ ಫೋನಿನಿಂದಲೇ ಅಲ್ಲವೇ ಊರಿನ ನಂಬರು ಹುಡುಕುವುದು? ಆಮೇಲೆ ಫೋನು ಮುಟ್ಟಲು ನನಗೆ ಧೈರ್ಯ ಸಾಲಲಿಲ್ಲ. ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಆಫೀಸಿಗೆ ಹೊರಡುವ ಹೊತ್ತಾಗಿತ್ತು. ಸೀರೆ ತೆಗೆದಿಟ್ಟಿದ್ದೆ, ಉಡಲಿಲ್ಲ. ಉಟ್ಟು ತಯಾರಾಗಿ ನಿಂತರೆ ಸುದ್ದಿಗಾಗಿಯೇ ಕಾದ ಹಾಗೆ ಆಗುತ್ತದೆ ಎಂದು ಏನೋ ಒಂದು ಹೆದರಿಕೆ. ಬದಲಿಗೆ ಹಿಡಿಸೂಡಿ ತೆಗೆದುಕೊಂಡು, ಬೆಳಗ್ಗೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಲು ಹೋದೆ.

ಆಗ ಗೇಟಿನ ಮುಂದೆ ಕಾರು ನಿಂತಿತು.

ಇಳಿದದ್ದು ಭಾವ. ನನ್ನ ಗಂಡನ ಅಣ್ಣ, ಬೆಳ್ತಂಗಡಿ ಪೇಟೆಯಲ್ಲಿ ಅಂಗಡಿ ಇಟ್ಟವರು. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿನಲ್ಲಿ ಅವರು ಎಂದೂ ಅಲುಗುವವರಲ್ಲ. ಹಿಡಿಸೂಡಿ ನನ್ನ ಕೈಯಿಂದ ಬಿತ್ತೋ, ನಾನೇ ಬಿಟ್ಟೆನೋ. ಅವರು ಹತ್ತಿರ ಬಂದು, "ಬೊಬ್ಬೆ ಹೊಡೆಯಬೇಡ. ಹಿಂದೆ ಬಾ" ಎಂದು ಬಾವಿಯ ಕಡೆಗೆ ನಡೆದರು. ನಾನು ಹಿಂದೆ ಹೋದೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಮಗಳ ಕಾಲೇಜಿಗೆ ಫೋನು ಮಾಡಿ ಆಗಿತ್ತು, ಪೆಟ್ಟಿಗೆಯಲ್ಲಿ ಹೆಣ ಬಂದು ಆಗಿತ್ತು, ಅಂಗಳದಲ್ಲಿ ಜನ ಸೇರಿ ಆಗಿತ್ತು.

"ಇವನು ಸರಿ ಇದ್ದಾನೆ" ಎಂದರು ಭಾವ. "ಇವನಿಗೆ ಏನೂ ಆಗಿಲ್ಲ, ಕೇಳಿತಾ? ಹೋದದ್ದು ಆಚೆಮನೆಯವರು. ರಾತ್ರಿ ಮಲಗಿದವರು ಏಳಲಿಲ್ಲ. ಇವನು ಎಬ್ಬಿಸಲಿಕ್ಕೆ ಹೋದಾಗ ಮೈ ತಣ್ಣಗೆ ಆಗಿತ್ತಂತೆ. ಹಾರ್ಟಿನದ್ದು ಅಂತ ಹೇಳಿದ್ದಾರೆ. ಪೊಲೀಸರು, ಆಂಬುಲೆನ್ಸು ಎಲ್ಲ ಬಂದಿದ್ದಾರೆ, ಇವನು ಅದರ ಹಿಂದೆ ಓಡಾಡ್ತಾ ಇದ್ದಾನೆ."

"ನನಗೆ ಯಾಕೆ ಫೋನು ಮಾಡಲಿಲ್ಲ?"

"ನಿನ್ನ ಮುಖ ನೋಡಿ ಸುಳ್ಳು ಹೇಳಲಿಕ್ಕೆ ಅವನಿಂದ ಆಗುವುದಿಲ್ಲವಂತೆ. ನಿಜ ಹೇಳಿದರೆ ನೀನು ಕೂಗ್ತೀ, ಆಚೆ ಕಿಟಕಿಗೆ ಕೇಳ್ತದೆ."

ನನಗೆ ಆದದ್ದು ಸಂತೋಷ. ಬೇರೆ ಶಬ್ದ ಇಲ್ಲ. ಬಾವಿಕಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದೆ. ನನ್ನವರು ಇದ್ದಾರೆ, ಇದ್ದಾರೆ ಎಂದು ಮೈಯೆಲ್ಲ ಹೇಳುತ್ತಿತ್ತು. ಗೋಡೆಯಾಚೆ ಅವಳು ಮಗನಿಗೆ ಗದರುವುದು ಕೇಳಿದಾಗ ಕಣ್ಣು ಬಿಟ್ಟೆ. ಬಿಟ್ಟಿದ್ದ ಹೆದರಿಕೆ ಅಲ್ಲಿಂದಲೇ ಪುನಃ ಹಿಡಿಯಿತು.

"ಅವಳ ಅಣ್ಣ ಫರಂಗಿಪೇಟೆಯಿಂದ ಹೊರಟಿದ್ದಾನೆ" ಎಂದರು ಭಾವ. "ಮಸೀದಿಯ ಜಮಾತಿನವರೂ ಬರ್ತಾರೆ. ಅವನೇ ಬಂದು ಹೇಳ್ಬೇಕಂತೆ, ಅದುವರೆಗೆ ಯಾರೂ ಬಾಯಿ ಬಿಡಬಾರದು. ನೀನು ಈಗ ಅಲ್ಲಿಗೆ ಹೋಗು. ಅವಳ ಕೈಯಲ್ಲಿ ಫೋನು ಇರದ ಹಾಗೆ ನೋಡು, ಯಾವ ಗ್ರೂಪಿನಲ್ಲಿ ಯಾರು ಫೋಟೋ ಹಾಕ್ತಾರೋ ಗೊತ್ತಿಲ್ಲ. ಮತ್ತೆ, ಮಕ್ಕಳು ಹೊಟ್ಟೆ ತುಂಬ ತಿನ್ನಲಿ. ಅವಳೂ ಎರಡು ತುತ್ತು ತಿನ್ನಲಿ. ಸುದ್ದಿ ಒಳಗೆ ಹೋದ ಮೇಲೆ ಆ ಒಲೆ ಉರಿಯುವುದಿಲ್ಲ."

ಇದು ನಮ್ಮಲ್ಲಿ ಎಲ್ಲ ಜಾತಿಯವರಿಗೂ ಗೊತ್ತಿರುವ ಕ್ರಮ. ಸಾವಿನ ಸುದ್ದಿ ತಂದವರು ಆದಷ್ಟು ಆ ಮನೆಯವರ ಹೊಟ್ಟೆಗೆ ಏನಾದರೂ ಬಿದ್ದ ಮೇಲೆಯೇ ಬಾಯಿ ತೆರೆಯುತ್ತಾರೆ. ಭಾವ ಕಾರನ್ನು ದೂರ ಒಯ್ದು ನಿಲ್ಲಿಸಿದರು. ನಾನು ಮುಖಕ್ಕೆ ನೀರು ಹಾಕಿಕೊಂಡು, ಬೈರಾಸು ಹೆಗಲಿಗೆ ಹಾಕಿ, ಅವಳ ಹಿಂಬಾಗಿಲಿನಿಂದ ಒಳಗೆ ಹೋದೆ.

ಅವಳು ದೋಸೆ ಹೊಯ್ಯುತ್ತಿದ್ದಳು. ಮಕ್ಕಳು ಯೂನಿಫಾರ್ಮು ಹಾಕಿ ನೆಲದಲ್ಲಿ ಚಾಪೆಯ ಮೇಲೆ ಕೂತಿದ್ದರು. ಫೋನು ಸಕ್ಕರೆ ಡಬ್ಬಕ್ಕೆ ಒರಗಿಕೊಂಡಿತ್ತು. ಅವಳು ನನ್ನನ್ನು ಒಮ್ಮೆ ಪೂರ್ತಿಯಾಗಿ ನೋಡಿದಳು, ನನ್ನ ಒದ್ದೆ ಮುಖ, ಹೊತ್ತಾದರೂ ಬದಲಿಸದ ನೈಟಿ, ಎಲ್ಲ. ಏನೂ ಕೇಳಲಿಲ್ಲ.

"ನಿನ್ನ ಫೋನು ಒಮ್ಮೆ ಕೊಡ್ತೀಯಾ? ನನ್ನದರಲ್ಲಿ ಚಾರ್ಜಿಲ್ಲ" ಎಂದೆ.

"ತೆಗೊಳ್ಳಿ ಅಕ್ಕ. ಇಟ್ಕೊಳ್ಳಿ ನಿಮ್ಮ ಹತ್ರವೇ."

ಅಷ್ಟು ಸುಲಭವಾಗಿ ಕೊಟ್ಟದ್ದು ನೋಡಿ ಆಶ್ಚರ್ಯವಾಯಿತು. ಫೋನನ್ನು ನೈಟಿಯ ಕಿಸೆಗೆ ಹಾಕಿಕೊಂಡೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಸಿಂಕಿನಲ್ಲಿದ್ದ ಪಾತ್ರೆ ತೊಳೆದೆ. ಅವಳ ಮಗಳ ಜಡೆಗೆ ರಿಬ್ಬನ್ನು ಕಟ್ಟಿದೆ. ಮಗನ ನೀರಿನ ಬಾಟಲಿ ತುಂಬಿಸಿದೆ. ನನ್ನ ಮನೆಯಲ್ಲಿ ದಿನಾ ಮಾಡುವ ಕೆಲಸಗಳೇ, ಆದರೆ ಒಂದೊಂದನ್ನೂ ಎಷ್ಟು ನಿಧಾನವಾಗಿ ಮಾಡಬಹುದೋ ಅಷ್ಟು ನಿಧಾನವಾಗಿ ಮಾಡಿದೆ. ಮಗ ಒಂದೊಂದು ದೋಸೆಯನ್ನು ಎಂಟು ಸಲ ಹರಿದು, ಬೆಲ್ಲದ ಕಾಯಿತುರಿಯಲ್ಲಿ ಹೊರಳಿಸಿ ತಿನ್ನುತ್ತಿದ್ದ. ಬೇರೆ ದಿನವಾದರೆ ನನಗೇ ಬೆನ್ನಿಗೊಂದು ಕೊಡೋಣ ಅನ್ನಿಸುತ್ತಿತ್ತು. ಅವತ್ತು, ಹಾಗೇ ತಿನ್ನುತ್ತ ಇರು ಮಗ, ನೀನು ತಿನ್ನುವವರೆಗೆ ನಿಮ್ಮಪ್ಪ ಇದ್ದಾನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಉಮ್ಮ, ಇನ್ನೊಂದು" ಎಂದ ಅವನು.

"ಹಾಕ್ತೇನೆ. ಮೊದಲು ದೊಡ್ಡಮ್ಮನಿಗೆ" ಎಂದಳು ಅವಳು. ತಟ್ಟೆಯಲ್ಲಿ ಎರಡು ದೋಸೆ ಮಡಚಿಟ್ಟು, ಮೇಲೆ ಕಾಯಿತುರಿ ಹಾಕಿ, ನನ್ನನ್ನು ಹೆಗಲು ಒತ್ತಿ ಕೂರಿಸಿದಳು.

"ನನಗೆ ಬೇಡ. ನೀನು ತಿನ್ನು."

"ನೀವು ಮೊದಲು ತಿನ್ನಿ."

"ನೀನು ತಿಂದರೆ ನಾನು ತಿನ್ತೇನೆ."

ಹಟ ಹಿಡಿದ ಎರಡು ಮಕ್ಕಳ ಹಾಗೆ ಆಯಿತು. ಕೊನೆಗೆ ಅವಳೂ ತಟ್ಟೆ ತಂದು ನನ್ನ ಎದುರು ಕೂತಳು. ನಾನು ಒಂದು ತುತ್ತು ಬಾಯಿಗೆ ಹಾಕಿದರೆ ಅವಳು ಒಂದು ತುತ್ತು. ನೀರು ಕುಡಿದು ನುಂಗಿದೆ. ಅವಳ ತಟ್ಟೆಯಲ್ಲಿ ಒಂದು ದೋಸೆ ಮುಗಿದದ್ದು ನೋಡಿ, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಕಿಸೆಯಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಒಂದರ ಹಿಂದೆ ಒಂದು, ತೊಡೆಗೆ ತಾಗಿ ಗುರುಗುರು ಎನ್ನುತ್ತಿತ್ತು. ಸುದ್ದಿ ಗ್ರೂಪಿಗೆ ಬಿದ್ದಿದೆ ಎಂದು ಗೊತ್ತಾಯಿತು. ಕಿಸೆಯ ಮೇಲೆ ಕೈ ಒತ್ತಿ ಹಿಡಿದೆ. ಅವಳಿಗೆ ಅದು ಕೇಳಿಸಿತು.

"ಅದು ನೋಡಬೇಡಿ ಅಕ್ಕ" ಎಂದಳು. "ಮೊದಲು ತಿಂದಾಗಲಿ."

ಅವಳು ಯಾಕೆ ಹಾಗೆ ಹೇಳಿದಳು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಕ್ಕಳು ಎದ್ದು ಕೈ ತೊಳೆದು, ಬೂಟು ಹಾಕಲು ಜಗಲಿಗೆ ಓಡಿದರು. ಅವಳು ಕಾವಲಿ ಇಳಿಸಿದಳು. ಗ್ಯಾಸು ಬಂದ್ ಮಾಡಿದಳು. ಸಿಲಿಂಡರಿನ ಗುಬ್ಬಿಯನ್ನೂ ತಿರುಗಿಸಿದಳು. ಆಮೇಲೆ ಬಂದು ನನ್ನ ಪಕ್ಕದಲ್ಲೇ ಕೂತು, ಎಂಜಲು ಕೈಯೆಂದೂ ನೋಡದೆ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ನಿಮ್ಮ ಭಾವನ ಕಾರು ನಿಮ್ಮ ಗೇಟಿನಲ್ಲಿ ನಿಂತದ್ದು ನಾನು ಕಿಟಕಿಯಿಂದ ನೋಡಿದೆ ಅಕ್ಕ. ನೀವು ಬಾವಿಕಟ್ಟೆ ಹಿಡಿದುಕೊಂಡದ್ದೂ ನೋಡಿದೆ. ನಿಮ್ಮ ಹೊಟ್ಟೆಗೆ ಸ್ವಲ್ಪ ಬೀಳಲಿ ಅಂತ ಸುಮ್ಮನಿದ್ದೆ. ಈಗ ಅಳಿ. ಇಲ್ಲೇ ಅಳಿ, ಯಾರೂ ಇಲ್ಲ. ನಿಮ್ಮ ಮಗಳನ್ನು ಕಾಲೇಜಿನಿಂದ ನಾನು ಹೋಗಿ ಕರ್ಕೊಂಡು ಬರ್ತೇನೆ. ಅಲ್ಲಿಯ ಕೆಲಸಕ್ಕೆ ನಮ್ಮ ಇವರು ಇದ್ದಾರಲ್ಲ, ಎಲ್ಲ ಇವರೇ ನಿಂತು ಮಾಡಿಸ್ತಾರೆ, ನೀವು ಹೆದರಬೇಡಿ."

ನಾನು ಇನ್ನೊಂದು ಕೈಯಿಂದ ಕಿಸೆಯ ಫೋನನ್ನು ಒತ್ತಿ ಹಿಡಿದೆ. ಅವಳು ತನ್ನ ಬೈರಾಸಿನಿಂದ ನನ್ನ ಮುಖ ಒರೆಸಿದಳು, ಮತ್ತೆ ಒರೆಸಿದಳು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಜಗಲಿಯಿಂದ ಮಕ್ಕಳು ಖುಷಿಯಲ್ಲಿ ಮಾವ ಬಂದರು ಎಂದು ಕೂಗಿದರು. ಅವಳು ನನ್ನ ಕೈ ಬಿಡದೆ, ಕೂತಲ್ಲಿಂದಲೇ ಬಾಗಿಲ ಕಡೆಗೆ ತಿರುಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನನ್ನ ಅಣ್ಣ ಯಾಕೆ ಬಂದದ್ದು ಅಕ್ಕ?" ಎಂದು ಕೇಳಿದಳು.